ಕಟ್ಟಿದ ಕೈಯೇ ಬಿಚ್ಚಬೇಕು

ನಾಸಿರಾ ಹಳೆಯ ಪಂಚೆಯೊಂದನ್ನು ಉದ್ದುದ್ದಕ್ಕೆ ಸೀಳುತ್ತಿದ್ದಳು.

ನಾಲ್ಕು ಬೆರಳಗಲ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸೀಳಿದ ಪಟ್ಟಿಯನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೀಡಿ, ಬಿಗಿಯಾಗಿ ಸುತ್ತಿ ಬುಟ್ಟಿಗೆ ಹಾಕುವಳು. ಪಕ್ಕದಲ್ಲಿ ಅವಳ ಅಮ್ಮಿ ಖುರ್ಷೀದ್ ಬೇಗಂ, ಬಾಗಿದ ಬೆನ್ನನ್ನು ಗೋಡೆಗೆ ಆನಿಸಿಕೊಂಡು ಉದ್ದಿನ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ದಿನಾ ಬೆಳಗಾದರೆ ಮಾಡುವ ಕೆಲಸ, ಅದಕ್ಕೆ ಮಾತು ಬೇಕಿರಲಿಲ್ಲ.

ಅದು ಐವತ್ತೈದನೆಯ ಇಸವಿ. ಆಗ ಚಾಮರಾಜನಗರದಲ್ಲಿ ಯಾರ ಕೈ ಮುರಿದರೂ, ಯಾರ ಕಾಲು ಉಳುಕಿದರೂ ಮೊದಲು ಬರುತ್ತಿದ್ದುದು ಇದೇ ಮನೆಗೆ. ನಾಸಿರಾಳ ಅಬ್ಬಾ ಗುಲಾಮ್ ಮೊಹಿದ್ದೀನ್ ವಯಸ್ಸಿನಲ್ಲಿ ಕುಸ್ತಿ ಆಡಿದವರು. ಈಗ ಮೂಳೆ ಕಟ್ಟುವವರು. ಊರಿಗೆಲ್ಲ ಅವರು ಪೈಲ್ವಾನ್ ಸಾಬರು. ಮನೆಯೊಳಗೆ ಉರ್ದು ಮಾತು, ಹೊಸ್ತಿಲು ದಾಟಿದರೆ ಊರಿನ ಕನ್ನಡ.

ನಾಸಿರಾಳಿಗೆ ಹತ್ತೊಂಬತ್ತು. ಅಮ್ಮಿ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಬೆನ್ನು ಮುರಿದುಕೊಂಡ ವರ್ಷ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಾತು ಬಹಳ ಕಡಿಮೆ. ಆದರೆ ಅವಳ ಕಣ್ಣಿಗೆ ಬೀಳದ್ದು ಆ ಬೀದಿಯಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ಕೂಗು ಕೇಳಿಸಿತು.

"ಪೈಲ್ವಾನ್ ಸಾಬ್ರೇ! ಬೇಗ ಬನ್ನಿ! ನಮ್ ಡ್ರೈವರ್ರು ಕೈ ಮುರ್ಕಂಬುಟ್ಟವ್ರೆ!"

ದಿನಾ ಬೆಳಿಗ್ಗೆ ಹಾರನ್ ಹೊಡೆಯುತ್ತಾ ಬೀದಿಯಲ್ಲಿ ಹಾದುಹೋಗುವ ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್ ನಂಜುಂಡಪ್ಪ. ಅವನ ಹೆಗಲಿಗೆ ಒರಗಿಕೊಂಡು ಖಾಕಿ ಅಂಗಿಯ ಯುವಕನೊಬ್ಬ ನಿಂತಿದ್ದ. ಅವನ ಬಲಗೈ ಮಣಿಕಟ್ಟಿನ ಮೇಲೆ ಸೊಟ್ಟಗಾಗಿತ್ತು.

"ಏನಾಯ್ತು?" ಅಬ್ಬಾ ಜಗುಲಿಗೆ ಬಂದರು.

"ಹ್ಯಾಂಡ್ಲು ಕಣ್ ಸಾಬ್ರೇ! ಕ್ಲೀನರ್ ಬಂದಿರ್ನಿಲ್ಲ. ನಾನೇ ತಿರುಗಿಸ್ತೀನಿ ಅಂತ ಓದ್ರು ಈ ಮಾರಾಯ್ರು. ಹ್ಯಾಂಡ್ಲು ವಾಪಸ್ ಒಡುದ್ಬುಡ್ತು!"

ಆ ಕಾಲದ ಬಸ್ಸುಗಳು ಹಾಗೇ. ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಜೋರಾಗಿ ತಿರುಗಿಸಿದರೆ ಎಂಜಿನ್ ಏಳುತ್ತಿತ್ತು. ಅದಕ್ಕೆ ಸಿಟ್ಟು ಬಂದರೆ ತಿರುಗಿಸಿದವನ ಕೈಗೇ ಬಾರಿಸುತ್ತಿತ್ತು!

"ಹೆಸರೇನಪ್ಪ?"

"ಮಕ್ಸೂದ್..." ಹಲ್ಲು ಕಚ್ಚಿಕೊಂಡೇ ಹೇಳಿದ ಅವನು.

ಮೂಳೆ ಎಳೆದು ಕೂರಿಸುವಾಗ ಮೊಳಕೈಯನ್ನು ಇನ್ನೊಬ್ಬರು ಭದ್ರವಾಗಿ ಹಿಡಿಯಬೇಕು. ದಿನಾ ಆ ಕೆಲಸ ಮಾಡುವ ಚಿಕ್ಕಮಾದಯ್ಯ ಬಿದಿರು ತರಲು ಸಂತೆಮರಹಳ್ಳಿ ಸಂತೆಗೆ ಹೋಗಿದ್ದ. ನಂಜುಂಡಪ್ಪನೋ... ಸೊಟ್ಟಗಾದ ಕೈ ನೋಡಿಯೇ ಕಣ್ಣು ಕತ್ತಲೆ ಬಂದು ಮೂಲೆ ಹಿಡಿದು ಕೂತಿದ್ದ.

ಅಬ್ಬಾ ಒಂದು ಗಳಿಗೆ ಯೋಚಿಸಿದರು. ಆಮೇಲೆ ಬಾಗಿಲ ಪರದೆಯ ಕಡೆ ತಿರುಗಿ ಕರೆದರು.

"ಬೇಟಿ, ಬಾ. ಮೊಳಕೈ ಹಿಡಿ."

ನಾಸಿರಾ ಕೈಯಲ್ಲಿದ್ದ ಪಟ್ಟಿ ಕೆಳಗಿಟ್ಟಳು. ಪರದೆಯ ಹಿಂದಿನಿಂದ ಪಟ್ಟಿ, ಲೇಪ ಕೊಡುವುದಷ್ಟೇ ಅವಳ ಕೆಲಸವಾಗಿತ್ತು. ಹೊರಗಿನ ಗಂಡಸಿನ ಮುಂದೆ ಬಂದವಳೇ ಅಲ್ಲ!

ದುಪಟ್ಟಾ ಹಣೆಗೆಳೆದುಕೊಂಡು ಬಂದು ಕೂತಳು. ಎರಡೂ ಕೈಯಿಂದ ಅವನ ಮೊಳಕೈ ಹಿಡಿದಳು.

"ನೋಯುತ್ತೆ. ಕೂಗೋದಾದ್ರೆ ಕೂಗು," ಎಂದರು ಅಬ್ಬಾ.

"ಡ್ರೈವರ್ ಕೂಗಲ್ಲ ಸಾಬ್. ಹಾರನ್ ಹೊಡೀತಾನೆ, ಅಷ್ಟೇ."

ಇಂಥ ನೋವಿನಲ್ಲೂ ತಮಾಷೆ! ನಾಸಿರಾ ತಡೆಯಲಾರದೆ ಕಣ್ಣೆತ್ತಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ನಿಮ್ಮ ಕೈ ನಡುಗ್ತಿದೆ..." ಅವಳಿಗಷ್ಟೇ ಕೇಳುವಂತೆ ಹೇಳಿದ. "ಮುರಿದಿರೋದು ನನ್ನದಲ್ವಾ?"

ಕಟಕ್!

ಮೂಳೆ ಜಾಗಕ್ಕೆ ಕೂತಿತು. ಅವನು ಕೂಗಲಿಲ್ಲ. ಆದರೆ ಅವನ ಎಡಗೈ ಅವಳ ದುಪಟ್ಟಾದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಗೊತ್ತಾದ ತಕ್ಷಣ ಬಿಟ್ಟುಬಿಟ್ಟ. ಬಟ್ಟೆ ಮುದುರಿದ ಗುರುತು ಮಾತ್ರ ಅಲ್ಲೇ ಉಳಿಯಿತು.

ಅಬ್ಬಾ ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿದ ಲೇಪ ಬಳಿದು, ಬಿದಿರಿನ ದಬ್ಬೆ ಇಟ್ಟು ಕಟ್ಟು ಕಟ್ಟಿದರು.

"ನೋಡಪ್ಪ, ನನ್ನ ಮನೆಯಲ್ಲಿ ಎರಡು ಕಟ್ಟಳೆ. ಮೊದಲನೆಯದು, ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆಯವರು ಕತ್ತರಿ ಹಾಕಿದರೆ ಮೂಳೆ ಮುನಿಯುತ್ತೆ. ನನ್ನ ಉಸ್ತಾದರು ಹೇಳಿದ್ದು."

"ಎರಡನೆಯದು?"

"ಇಪ್ಪತ್ತೊಂದು ದಿನ, ದಿನಾ ಬೆಳಿಗ್ಗೆ ಇಲ್ಲಿಗೇ ಬಂದು ಒಂದು ಲೋಟ ಹಾಲು ಕುಡಿಯಬೇಕು. ಕೂರಿಸೋದು ನನ್ನ ಕೆಲಸ, ಕೂಡಿಸೋದು ಅಲ್ಲಾಹನ ಕೆಲಸ. ಕುಡಿಯೋದು ನಿನ್ನ ಕೆಲಸ."

ಮಕ್ಸೂದ್ ನಕ್ಕುಬಿಟ್ಟ. "ಹಾಲಾ? ನನಗೆ ಇಪ್ಪತ್ತನಾಲ್ಕು ವಯಸ್ಸು ಸಾಬ್! ಹಾಲು ಕೂಸುಗಳಿಗೆ, ಮುದುಕರಿಗೆ. ಡ್ರೈವರಿಗೆ ಟೀ ಸಾಕು. ನನ್ನ ಮೂಳೆ ಕಬ್ಬಿಣ!"

"ಕಬ್ಬಿಣ ಆಗಿದ್ರೆ ಕಮ್ಮಾರನ ಹತ್ರ ಹೋಗ್ಬೇಕಿತ್ತು. ಇಲ್ಲಿಗ್ಯಾಕೆ ಬಂದೆ?"

ಪರದೆಯ ಹಿಂದೆ ನಾಸಿರಾ ಕಿಸಕ್ಕನೆ ನಕ್ಕಳು. ತಕ್ಷಣ ಬಾಯಿ ಮುಚ್ಚಿಕೊಂಡಳು. 'ಅಯ್ಯೋ... ಕೇಳಿಸಿತೇನೋ!'

ಕೇಳಿಸಿತ್ತು. ಅವನು ಆಮೇಲೆ ಒಂದು ಮಾತೂ ಆಡದೆ ಹಾಲಿಗೆ ಒಪ್ಪಿಕೊಂಡ.

* * *

ಹಾಲು ಕೊಡುತ್ತಿದ್ದವಳು ಪಕ್ಕದ ಮನೆಯ ಮಲ್ಲಾಜಮ್ಮ. ಬೆಳಕು ಹರಿಯುತ್ತಲೇ ಚೊಂಬು ತಂದು ಹಿತ್ತಲ ಬಾಗಿಲಲ್ಲಿ ನಿಲ್ಲುವಳು.

ಚೊಂಬಿನ ಹಾಲಿಗೆ ಲೆಕ್ಕವಿತ್ತು. ಕಟ್ಟು ಕಟ್ಟಿಸಿಕೊಂಡವರಿಗೆ ಮೊದಲು. ಅಬ್ಬಾನ ಟೀಗೆ ಆಮೇಲೆ. ಅಷ್ಟರಲ್ಲಿ ಚೊಂಬು ಖಾಲಿ. ಅಮ್ಮಿಗೂ ನಾಸಿರಾಳಿಗೂ ಬೆಲ್ಲದ ಕರಿ ಟೀ. ಕುಡಿಯಬೇಡಿ ಎಂದು ಯಾರೂ ಹೇಳಿರಲಿಲ್ಲ. ಕುಡಿಯಿರಿ ಎಂದೂ ಯಾರೂ ಹೇಳಿರಲಿಲ್ಲ. ಕೆಲವು ದಿನ ತಳದಲ್ಲಿ ಮಿಕ್ಕ ಒಂದೆರಡು ಗುಟುಕು ಮಾತ್ರ ನಾಸಿರಾಳ ಪಾಲಿಗೆ ಬರುತ್ತಿತ್ತು. ಅದನ್ನೂ ಅವಳು ಈಗ ಮಕ್ಸೂದನ ಲೋಟಕ್ಕೇ ಸುರಿಯುತ್ತಿದ್ದಳು.

"ನಿಂಗೆಲ್ಲಮ್ಮಿ ಆಲು?" ಮಲ್ಲಾಜಮ್ಮ ಗದರಿದಳು.

"ನನಗ್ಯಾಕೆ ಮಲ್ಲಾಜಕ್ಕ? ನಾನೇನು ಕುಸ್ತಿ ಆಡ್ಬೇಕಾ?"

"ಈಗ ಅಂಗೇ ಅಂತೀಯೆ ಕಣಮ್ಮಿ. ನಿಮ್ಮವ್ವನ ಬೆನ್ ನೋಡು. ಏಳು ಬಸಿರು, ಒಂದು ಲೋಟ ಆಲು ಕಾಣ್ನಿಲ್ಲ ಅವಳು. ನಿನ್ ವಯಸ್ನಲ್ಲಿ ಅವಳೂ ಇಂಗೇ ನಗಾಡ್ತಿದ್ಲು."

ನಾಸಿರಾ ಮಾತು ಮರೆಸಿದಳು. ಹತ್ತೊಂಬತ್ತರಲ್ಲಿ ಯಾರಿಗೆ ತಾನೇ ತನ್ನ ಮೂಳೆಯ ನೆನಪಿರುತ್ತದೆ?

ಮಕ್ಸೂದ್ ಬಸ್ ಸ್ಟ್ಯಾಂಡಿನ ಷೆಡ್ಡಿನಲ್ಲೇ ಉಳಿದಿದ್ದ. ದಿನಾ ಬೆಳಿಗ್ಗೆ ಬಂದು ಹಾಲಿನ ಲೋಟ ತೆಗೆದುಕೊಂಡು ಅಂಗಳದ ನುಗ್ಗೆಮರದ ಹತ್ತಿರ ಹೋಗುವನು. ಮರದ ಆಚೆ ಗೋಣಿತಾಟಿನ ಮರೆ. ಮರೆಯ ಹಿಂದೆ ಅಮ್ಮಿ ಎಳೆಬಿಸಿಲಿಗೆ ಬೆನ್ನು ಕಾಯಿಸುತ್ತಾ ಕೂರುವಳು.

ಲೋಟ ವಾಪಸ್ ಕೊಡುವಾಗ ಪರದೆಯ ಆಚೆಗೆ ನಿಂತು ಒಂದೆರಡು ಮಾತು. ಮೊದಲು ಅವನೊಬ್ಬನೇ ಆಡುತ್ತಿದ್ದ. ಐದನೆಯ ದಿನ ನಾಸಿರಾ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಗುಂಡ್ಲುಪೇಟೆ... ಬಹಳ ದೂರವಾ?"

ಪರದೆಯೇ ಮಾತಾಡಿದಂತೆ ಬೆರಗಾಗಿದ್ದ ಅವನು!

"ದೂರ ಇಲ್ಲ. ತೆರಕಣಾಂಬಿ ದಾಟಿದ್ರೆ ಗಾಳಿಯೇ ಬೇರೆ. ಎದುರಿಗೆ ಗೋಪಾಲಸ್ವಾಮಿ ಬೆಟ್ಟ. ಬೆಳಿಗ್ಗೆ ಬೆಟ್ಟದ ತಲೆಗೆ ಮಂಜು ಕೂತಿರುತ್ತೆ, ಮದುವೆ ಗಂಡು ರುಮಾಲು ಸುತ್ತಿದಂಗೆ. ನೀವು ನೋಡಿಲ್ವಾ?"

"ನಾನು ರೈಲ್ವೆ ಸ್ಟೇಷನ್ ದಾಟಿ ಹೋಗಿಲ್ಲ."

"ಹಾಗಾದ್ರೆ ನನ್ನ ಕೈ ಸರಿ ಹೋಗ್ಲಿ. ಮುಂದಿನ ಸೀಟು ನಿಮಗೆ. ಟಿಕೆಟ್ ಕೇಳಿದ್ರೆ ನಂಜುಂಡಪ್ಪನ್ನ ತೆರಕಣಾಂಬೀಲಿ ಇಳಿಸಿಬಿಡ್ತೀನಿ!"

ಆ ದಿನ ನಾಸಿರಾ ಪಟ್ಟಿಗಳನ್ನು ನಾಲ್ಕು ಬೆರಳಿನ ಬದಲು ಐದು ಬೆರಳಗಲ ಸೀಳಿಬಿಟ್ಟಳು.

ಅಮ್ಮಿ ನೋಡಿಯೂ ನೋಡದಂತೆ ಇದ್ದಳು. ಈ ನಡುವೆ ಅಮ್ಮಿಯ ಮುಖದಲ್ಲೂ ಏನೋ ಗೆಲುವು. ಮಗಳಿಗೆ ಅದರ ಕಾರಣ ಹೊಳೆದಿರಲಿಲ್ಲ.

* * *

ಹದಿಮೂರನೆಯ ಬೆಳಿಗ್ಗೆ.

ನಾಸಿರಾ ಕಿಟಕಿಯ ಸಂದಿಯಿಂದ ನೋಡುತ್ತಿದ್ದಳು. ಹಾಗೆ ನೋಡುವುದು ಅವಳಿಗೆ ದಿನದ ಅಭ್ಯಾಸವೇ ಆಗಿಹೋಗಿತ್ತು. ನುಗ್ಗೆಮರದ ಬಳಿ ಮಕ್ಸೂದನ ಬೆನ್ನು. ಇವತ್ತು ಅವನು ಪಕ್ಕಕ್ಕೆ ಸರಿದು ಬಗ್ಗಿದ. ಎಡಗೈಯಲ್ಲಿದ್ದ ಲೋಟವನ್ನು ಮರದ ಬುಡಕ್ಕೆ ಬಗ್ಗಿಸಿದ.

ಬೆಳ್ಳಗೆ ಹರಿಯಿತು. ಮಣ್ಣು ಕುಡಿಯಿತು.

'ಚೆಲ್ಲಿದರು! ಹಾಲನ್ನು... ನನ್ನ ಪಾಲಿನ ಹಾಲನ್ನು!'

ಅವನು ಬಂದು ಲೋಟ ಕೊಟ್ಟ. "ಹಾಲು ಚೆನ್ನಾಗಿತ್ತು," ಎಂದ, ನಗುತ್ತಾ.

ಎಂಥ ಸುಳ್ಳು!

ಪರದೆಯ ಈಚೆಯಿಂದ ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವಳು ಮತ್ತೆ ಕಿಟಕಿಗೆ ಹೋಗಿ ನೋಡಿದಳು. ಮತ್ತೆ ಅದೇ ಬೆನ್ನು, ಅದೇ ಬಗ್ಗಿದ ಲೋಟ.

"ಬೆಟ್ಟದ ಮೇಲೆ ಕೋಪವಾ? ಬಸ್ಸಿನ ಮೇಲಾ? ನನ್ನ ಮೇಲಾ?" ಅವನು ಕೇಳುತ್ತಲೇ ಇದ್ದ.

'ನಾನು ಕೊಟ್ಟದ್ದನ್ನು ಮಣ್ಣಿಗೆ ಸುರಿಯುವವರ ಹತ್ತಿರ ನನಗೇನು ಮಾತು...' ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಅಮ್ಮಿ ಕೇಳಿದರೆ ಹೊಗೆ ಎಂದಳು.

* * *

ಇಪ್ಪತ್ತೊಂದನೆಯ ದಿನ ಬಂತು.

ಜಗುಲಿಯ ಮೇಲೆ ನಾಲ್ಕೈದು ಜನ. ನಂಜುಂಡಪ್ಪ ಗೆಳೆಯನನ್ನು ಕರೆದೊಯ್ಯಲು ಬಂದಿದ್ದ. ಅಬ್ಬಾ ಕಟ್ಟು ಬಿಚ್ಚಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಮೂಳೆಯನ್ನು ಮುಟ್ಟುತ್ತಾ ಹೋದರು.

ಅವರ ಮುಖ ಬಾಡಿತು. ಇನ್ನೊಮ್ಮೆ ಮುಟ್ಟಿದರು.

"ಕೂಡಿಲ್ಲ... ಇನ್ನೂ ಮೆತ್ತಗಿದೆ."

ಈ ಕೈ ಕೂಡದಿದ್ದರೆ ಮಕ್ಸೂದ್ ಇನ್ನು ಬಸ್ಸು ಓಡಿಸುವ ಹಾಗಿಲ್ಲ. ಎಲ್ಲರಿಗೂ ಅದು ಗೊತ್ತಿತ್ತು.

"ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ," ಅಬ್ಬಾ ತಮ್ಮ ಎರಡು ಅಂಗೈಗಳನ್ನೂ ನೋಡಿಕೊಂಡರು. "ನನ್ನ ಕೈಗುಣವೇ ಹೋಯ್ತು. ವಯಸ್ಸಾಯ್ತು. ಇನ್ನು ಯಾರಿಗೂ ಕಟ್ಟಬಾರದು ನಾನು..."

ಪರದೆಯ ಹಿಂದಿದ್ದ ನಾಸಿರಾಳಿಗೆ ತಡೆಯಲಾಗಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳು ಹೊರಗೆ ಬಂದಿದ್ದಳು.

"ನಿಮ್ಮ ಕೈ ತಪ್ಪಲ್ಲ ಅಬ್ಬಾ! ಅವರು ಹಾಲು ಕುಡಿದೇ ಇಲ್ಲ. ದಿನಾ ನುಗ್ಗೆಮರದ ಬುಡಕ್ಕೆ ಚೆಲ್ಲಿದ್ದಾರೆ. ನಾನೇ ನೋಡಿದ್ದೀನಿ!"

ನಾಲ್ಕು ಜನರೆದುರು ಅವಳು ಆಡಿದ ಮೊದಲ ಮಾತು ಅದು.

ಮಕ್ಸೂದನ ಮುಖ ಬಿಳುಚಿಕೊಂಡಿತು. ಅವನು ನಾಸಿರಾಳನ್ನು ನೋಡಿದ. ಆಮೇಲೆ ಅವಳ ಹಿಂದೆ, ಬಾಗಿಲ ಸಂದಿಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದ ಖುರ್ಷೀದ್ ಬೇಗಮಳನ್ನು ನೋಡಿದ. ತುಟಿ ತೆರೆಯಿತು. ಮತ್ತೆ ಮುಚ್ಚಿಕೊಂಡಿತು.

"ನಿಜವೇನಯ್ಯಾ?" ಅಬ್ಬಾನ ಧ್ವನಿ ಗುಡುಗಿತು. "ಹಾಲು ಕುಡಿದೆಯೋ ಇಲ್ಲವೋ?"

"...ಕುಡಿಯಲಿಲ್ಲ ಸಾಬ್."

"ಮಾತಾಡ್ಲಾ ಮಕ್ಸೂದಾ! ಯಾಕ್ಲಾ ಇಂಗ್ ಮಾಡ್ದೆ?" ನಂಜುಂಡಪ್ಪ ಚೀರಿದ. ಮಕ್ಸೂದ್ ತಲೆ ತಗ್ಗಿಸಿದ್ದ.

"ನನ್ನ ಮನೆಯ ಹಾಲು ಚೆಲ್ಲಿದವನಿಗೆ ನಾನು ಕಟ್ಟಲ್ಲ!" ಅಬ್ಬಾ ಎದ್ದು ಒಳಗೆ ನಡೆದುಬಿಟ್ಟರು.

ಬಿಚ್ಚಿದ ಕೈ ಹಾಗೇ ಉಳಿಯಿತು. ಹಾಗೇ ಕಳಿಸಿದರೆ ಮೂಳೆ ಮತ್ತೆ ಸರಿದುಬಿಡುತ್ತದೆ. ನಾಸಿರಾ ಅವನ ಮುಂದೆ ಕೂತಳು. ಲೇಪ ಬಳಿದಳು. ದಬ್ಬೆ ಇಟ್ಟಳು. ನಾಲ್ಕು ಬೆರಳಗಲದ ಪಟ್ಟಿ ಸುತ್ತಿದಳು. ಕೊನೆಯ ಗಂಟು ಹಾಕಿ, ತುದಿಯನ್ನು ಒಳಗೆ ಸಿಕ್ಕಿಸಿದಳು. ಅವಳ ಕಣ್ಣಿನ ಎರಡು ಹನಿ ಆ ಬಟ್ಟೆಯ ಮೇಲೇ ಬಿದ್ದು ಇಂಗಿದವು.

"ಈ ಕಟ್ಟು ಬಿಚ್ಚೋದು ಯಾರು?" ಮಕ್ಸೂದ್ ಮೆಲ್ಲಗೆ ಕೇಳಿದ.

ಅವಳು ಲೇಪದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನದ ಬಸ್ಸಿಗೆ ಅವನು ಗುಂಡ್ಲುಪೇಟೆಗೆ ಹೊರಟುಹೋದ.

* * *

ಆ ಸಂಜೆ ಅಮ್ಮಿ ಊಟ ಮುಟ್ಟಲಿಲ್ಲ.

"ನಾಸಿರಾ... ಅವನು ಚೆಲ್ಲಿದ್ದು ಹಾಲಲ್ಲ."

"ನಾನು ಕಣ್ಣಾರೆ ನೋಡಿದೆ ಅಮ್ಮಿ. ಬೆಳ್ಳಗಿತ್ತು."

"ಲೋಟ ತೊಳೆದ ನೀರು ಅದು. ಹಾಲಿದ್ದ ಲೋಟ ತೊಳೆದ್ರೆ ನೀರು ಬೆಳ್ಳಗಿರಲ್ವಾ?" ಅಮ್ಮಿ ಸೆರಗಿನಿಂದ ಮುಖ ಒತ್ತಿಕೊಂಡಳು. "ಹಾಲು... ನಾನು ಕುಡಿದೆ."

ನಾಸಿರಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಎರಡನೇ ದಿನವೇ ಅವನು ಗೋಣಿತಾಟಿನ ಸಂದಿಯಿಂದ ಲೋಟ ಚಾಚಿದ. 'ಖಾಲಾ, ನೀವು ಕುಡೀರಿ. ನನ್ನ ಅಮ್ಮಿಗೂ ಹೀಗೇ ಬೆನ್ನು ಬಾಗಿತ್ತು. ಅವಳ ಪಾಲಿನ ಹಾಲೆಲ್ಲ ನಾನೇ ಕುಡಿದು ಬೆಳೆದೆ. ಅವಳು ಹಾಸಿಗೆ ಹಿಡಿದ ಮೇಲೇ ನನಗದು ತಿಳಿದದ್ದು. ಅವಳು ಹೋದಾಗಿನಿಂದ ನನಗೆ ಹಾಲು ಗಂಟಲಿಗಿಳಿಯಲ್ಲ' ಅಂದ. ನಾನು ಬೇಡ ಅಂದೆ. ದಿನಾ ಬೇಡ ಅಂದೆ. ಆದ್ರೆ ಬೇಟಿ... ಬಾಯಿಗೆ ಇಟ್ಟ ಮೇಲೆ ಬಿಡೋಕಾಗಲಿಲ್ಲ. ಎಷ್ಟು ವರ್ಷವಾಗಿತ್ತು..."

"ಮತ್ತೆ ಬೆಳಿಗ್ಗೆ ಯಾಕೆ ಹೇಳಲಿಲ್ಲ ಅಮ್ಮಿ?"

"ಕಾಯಿಲೆಯವನ ಪಾಲಿನ ಹಾಲು ಕುಡಿದೆ ಅಂತ ನಿಮ್ಮಬ್ಬಾನೆದುರು ಯಾವ ಬಾಯಲ್ಲಿ ಹೇಳಲಿ? ಯಾರಿಗೂ ಹೇಳಬೇಡ ಅಂತ ಅವನ ಹತ್ರ ಮೊದಲೇ ಮಾತು ತಗೊಂಡಿದ್ದೆ. ಅವನು ಅದನ್ನ ಉಳಿಸಿಕೊಂಡ. ನಾನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ..."

ಬಾಗಿಲ ಬಳಿ ನೆರಳು ಅಲುಗಿತು. ಅಬ್ಬಾ! ಎಲ್ಲ ಕೇಳಿಸಿಕೊಂಡಿದ್ದರು.

ಅವರು ಬೈಯಲಿಲ್ಲ. ಹೆಂಡತಿಯ ಹಿಂದೆ ಬಂದು ನೆಲದ ಮೇಲೆ ಕೂತರು. ಸಾವಿರ ಜನರ ಮೂಳೆ ಮುಟ್ಟಿದ ಕೈಯನ್ನು ಎಷ್ಟೋ ವರ್ಷದ ಮೇಲೆ ಅವಳ ಬಾಗಿದ ಬೆನ್ನ ಮೇಲೆ ಇಟ್ಟರು.

"ಊರಿಗೆಲ್ಲ ಹಾಲು ಕುಡಿ, ಹಾಲು ಕುಡಿ ಅಂದೆ ಖುರ್ಷೀದ್... ನಿನಗೆ ಒಂದು ದಿನ ಹೇಳಲಿಲ್ಲ."

ಮಾರನೆಯ ದಿನದಿಂದ ಆ ಮನೆಗೆ ಎರಡು ಚೊಂಬು ಹಾಲು ಬರತೊಡಗಿತು. ಅಮ್ಮಿ ಕುಡಿಯುತ್ತಿದ್ದಳು. ನಾಸಿರಾ ಮಾತ್ರ ಲೋಟ ಮುಟ್ಟಲಿಲ್ಲ. ಬೆಳ್ಳಗಿನದ್ದು ಕಂಡರೆ ಅವಳಿಗೆ ನುಗ್ಗೆಮರದ ಬುಡವೇ ಕಣ್ಣ ಮುಂದೆ ಬರುತ್ತಿತ್ತು.

'ನೋಡಿದ್ದೆಲ್ಲ ನಿಜ ಅಂದುಕೊಂಡೆನಲ್ಲ... ಒಂದು ಮಾತು ಕೇಳಬಾರದಿತ್ತೇ ನಾನು?'

ಅಬ್ಬಾ ಬರುವಂತೆ ಹೇಳಿಕಳಿಸಿದರು. ಅವನು ಬರಲಿಲ್ಲ. ಹದಿನೈದು ದಿನ ಹೋಯಿತು. ತಿಂಗಳಾಯಿತು. ಗುಂಡ್ಲುಪೇಟೆ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಅವಳ ಕೈಯ ಕೆಲಸ ನಿಂತುಹೋಗುತ್ತಿತ್ತು. ಈಗ ಓಡಿಸುತ್ತಿದ್ದವನು ಬೇರೆ ಡ್ರೈವರು. ಹಾರನ್ ಹೊಡೆಯುವ ರೀತಿಯೇ ಬೇರೆ.

ಒಂದು ಬೆಳಿಗ್ಗೆ ನಂಜುಂಡಪ್ಪ ಜಗುಲಿಗೆ ಬಂದು ಕೂತ.

"ಸಾಬ್ರೇ, ನಮ್ ಮಕ್ಸೂದನ್‌ಗೆ ಬುದ್ಧಿ ಯೋಳಿ. ಎರಡ್ ತಿಂಗಳಾಗ್ತಾ ಬಂತು, ಕಟ್ಟು ಬಿಚ್ಚಕ್ಕೇ ಬುಡ್ತಿಲ್ಲ! ಡಾಕ್ಟ್ರು ಕತ್ರಿ ತಂದ್ರೆ ಕೈ ಇಂದಕ್ಕೆ ಮಡೀಕತಾನೆ. ಬಟ್ಟೆ ಮಸಿ ಆಗದೆ. ಕಟ್ಟಿದ ಕೈಯೇ ಬಿಚ್ಬೇಕು ಅಂತಾನೆ, ಕೂತವ್ನೆ."

ಪರದೆಯ ಹಿಂದೆ ಏನೋ ಬಿದ್ದ ಸದ್ದಾಯಿತು. ಜರಡಿ!

ಅಬ್ಬಾ ಪರದೆಯ ಕಡೆ ತಿರುಗಿದರು.

"ಆ ಕಟ್ಟು ಕಟ್ಟಿದ್ದು ಯಾರು ಬೇಟಿ?"

"...ನಾನು, ಅಬ್ಬಾ."

"ಹಾಗಾದ್ರೆ ದುಪಟ್ಟಾ ಹೊದ್ದುಕೋ. ನಿಮ್ಮಮ್ಮಿಯನ್ನೂ ಏಳಿಸು."

"ನಾನೂ ಬರ್ತೀನಿ," ಒಳಗಿನಿಂದ ಅಮ್ಮಿಯ ಧ್ವನಿ ಮೊದಲೇ ಬಂತು. "ನನ್ನ ಬಾಯಿಂದಲೇ ಹೇಳ್ಬೇಕು ಆ ಹುಡುಗನಿಗೆ."

* * *

ನಾಸಿರಾ ರೈಲ್ವೆ ಸ್ಟೇಷನ್ ದಾಟಿದಳು. ಅರಿಸಿನ ಬೇಯಿಸುವ ವಾಸನೆ ಹಿಂದೆ ಉಳಿಯಿತು. ತೆರಕಣಾಂಬಿ ಬಂತು, ಹೋಯಿತು. ಗಾಳಿ ಬದಲಾಯಿತು. ಅವನು ಹೇಳಿದಂತೆಯೇ!

ಆಮೇಲೆ ಬೆಟ್ಟ. ತಲೆಗೆ ಬಿಳಿ ರುಮಾಲು ಸುತ್ತಿಕೊಂಡು ನಿಂತಿದ್ದ ಬೆಟ್ಟ.

ಅವಳಿಗೆ ಅಳು ಬಂತು. ಮುಂದಿನ ಸೀಟಿನಲ್ಲೇ ಕೂತಿದ್ದಳು. ಓಡಿಸುತ್ತಿದ್ದವನು ಮಾತ್ರ ಅವನಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೆಂಚಿನ ಮನೆ. ಜಗುಲಿಯ ಮೇಲೆ ಮಕ್ಸೂದ್ ಕೂತಿದ್ದ. ಇವರನ್ನು ಕಂಡು ಎದ್ದು ನಿಂತ. ಒಳಗಿನಿಂದ ಅವನ ಸೋದರತ್ತೆ ಫಖ್ರುನ್ನೀಸಾ ಸಲಾಮ್ ಹೇಳುತ್ತಾ ಬಂದಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ.

ಅಮ್ಮಿ ನೇರವಾಗಿ ಅವನ ಹತ್ತಿರ ಹೋಗಿ ಅವನ ತಲೆ ಮುಟ್ಟಿದಳು. "ನೀನು ಕೊಟ್ಟ ಮಾತಿನಿಂದ ನಿನ್ನ ಬಿಡಿಸಿದ್ದೀನಿ ಬೇಟಾ. ಎಲ್ಲರಿಗೂ ನಾನೇ ಹೇಳಿಬಿಟ್ಟೆ."

ಮಕ್ಸೂದನ ಕಣ್ಣು ತುಂಬಿತು. "ಖಾಲಾ, ಈಗ ದಿನಾ ಕುಡೀತಿದ್ದೀರಾ?"

"ಕುಡೀತಿದ್ದೀನಿ."

ನಾಸಿರಾ ಅವನ ಮುಂದೆ ಕೂತಳು. ಬಟ್ಟೆ ಮಸಿಯಾಗಿತ್ತು, ಅಂಚು ಎಳೆ ಬಿಟ್ಟಿತ್ತು. ಆದರೆ ಗಂಟು ಅವಳದೇ. ತುದಿಯನ್ನು ಒಳಗೆ ಸಿಕ್ಕಿಸಿದ್ದು ಹಾಗೇ ಇತ್ತು.

"ನಾನು ತಪ್ಪು ನೋಡಿದೆ," ಎಂದಳು. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ತಿದ್ದಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದಳು. "ಕೇಳದೆ ಹೇಳಿಬಿಟ್ಟೆ. ನನ್ನನ್ನು ಮಾಫ್ ಮಾಡಿ."

"ಮೊದಲು ಬಿಚ್ಚಿ," ಎಂದ ಅವನು. ಕೈಯನ್ನು ಅವಳ ಮುಂದೆ ಚಾಚಿದ.

ಗಂಟು ಬಿಚ್ಚಿತು. ಸುತ್ತು ಸುತ್ತಾಗಿ ಪಟ್ಟಿ ಅವಳ ಮಡಿಲಿಗೆ ಬಿತ್ತು. ದಬ್ಬೆ ಕಳಚಿತು. ಅಬ್ಬಾ ಬಗ್ಗಿ, ಕಣ್ಣು ಮುಚ್ಚಿ, ಹೆಬ್ಬೆರಳು ಇಟ್ಟರು.

"ಕೂ... ಕೂಡಿದೆ!" ಅಬ್ಬಾ ಮಕ್ಕಳಂತೆ ನಕ್ಕರು. "ಮುಷ್ಟಿ ಹಿಡಿ! ತಿರುಗಿಸು! ಅಲ್ಹಮ್ದುಲಿಲ್ಲಾಹ್... ಇಪ್ಪತ್ತೊಂದಕ್ಕೇ ಆತುರಪಟ್ಟವನು ನಾನು. ಒಂದೊಂದು ಮೂಳೆ ನಿಧಾನ. ಕೈಗುಣ ಹೋಗಿರಲಿಲ್ಲ, ತಾಳ್ಮೆ ಹೋಗಿತ್ತು."

"ಕೈಗುಣ ನಿಮ್ಮದೋ ನಿಮ್ಮ ಮಗಳದೋ, ಒಳಗೆ ಕೂತು ಮಾತಾಡೋಣ ಬನ್ನಿ ಭಾಯಿಸಾಬ್," ಎಂದಳು ಫಖ್ರುನ್ನೀಸಾ. "ಎರಡು ತಿಂಗಳಿಂದ ಈ ಹುಡುಗ ಆ ಗಂಟು ನೋಡಿದಷ್ಟು ನನ್ನ ಮುಖ ನೋಡಿಲ್ಲ. ನಿಮ್ಮ ಹತ್ರ ಕೇಳಬೇಕಾದ್ದೊಂದಿದೆ."

ಹಿರಿಯರು ನಗುತ್ತಾ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಜಗುಲಿಯ ಮೇಲೆ ಉಳಿದವರು ಇಬ್ಬರೇ. ನಡುವೆ ಪರದೆ ಇರಲಿಲ್ಲ.

"ಒಂದು ಕೈಯಲ್ಲೇ ಬಿಚ್ಚಬಹುದಿತ್ತು ನಾನು," ಮಕ್ಸೂದ್ ಮೆಲ್ಲಗೆ ಹೇಳಿದ. "ಬಿಚ್ಚಿಬಿಟ್ಟಿದ್ರೆ ನೀವು ಬರೋಕೆ ಕಾರಣವೇ ಇರ್ತಿರಲಿಲ್ಲ."

"ಅಬ್ಬಾ ಹೇಳಿಕಳಿಸಿದಾಗ ನೀವೇ ಬರಬಹುದಿತ್ತಲ್ಲ?"

"ಬಂದಿದ್ರೆ ನಿಮ್ಮಬ್ಬಾ ಬಿಚ್ಚುತ್ತಿದ್ರು. ಕಟ್ಟಿದ್ದು ನೀವು."

ನಾಸಿರಾ ಮಡಿಲಲ್ಲಿದ್ದ ಪಟ್ಟಿಯನ್ನು ಬಿಗಿಯಾಗಿ ಸುತ್ತತೊಡಗಿದಳು. ಸುತ್ತಿ ಮುಗಿದರೂ ಸುತ್ತುತ್ತಲೇ ಇದ್ದಳು.

"ನನಗೆ... ನಿಮ್ಮ ಹಾರನ್ ಇಲ್ಲದೆ ಬೆಳಗಾಗ್ತಿರಲಿಲ್ಲ," ಎಂದಳು ಕೊನೆಗೆ. ನಾನೇ ಅಂದೆನೇ ಎಂದು ಬೆರಗಾದಳು.

ಒಳಗಿನಿಂದ ಫಖ್ರುನ್ನೀಸಾಳ ಕೈ ಹೊರಬಂದು ಹೊಸ್ತಿಲ ಮೇಲೆ ಒಂದು ಲೋಟ ಹಾಲು ಇಟ್ಟು ಮಾಯವಾಯಿತು. ಬಿಸಿಬಿಸಿ, ಮೇಲೆ ಕೆನೆ.

"ನಿಮಗಾ?" ನಾಸಿರಾ ಕಣ್ಣರಳಿಸಿದಳು. "ಗಂಟಲಿಗಿಳಿಯಲ್ಲ ಅಂದಿದ್ರಂತೆ?"

"ನಾಲ್ಕು ಜನರ ಮುಂದೆ ಹಾಲು ಚೆಲ್ಲುವವನು ಅಂದಿರಲ್ಲ... ಅವತ್ತಿನಿಂದ ಕುಡೀತಿದ್ದೀನಿ. ಮೊದಮೊದಲು ಕಣ್ಣೀರಿನ ಜೊತೆ ಇಳೀತಿತ್ತು. ಈಗ ಅಭ್ಯಾಸವಾಗಿದೆ. ಈ ಹೊತ್ತಿಗೆ ಹಸಿವೇ ಆಗುತ್ತೆ." ಅವನು ಬಲಗೈ ಚಾಚಿದ. ಸುಮಾರು ಮೂರು ತಿಂಗಳ ನಂತರ ಆ ಕೈ ಎತ್ತಿದ ಮೊದಲ ವಸ್ತು ಆ ಲೋಟ. ಸ್ವಲ್ಪ ನಡುಗಿತು, ಆದರೆ ಬೀಳಲಿಲ್ಲ. ಅವನು ಅದನ್ನು ಅವಳ ಮುಂದೆ ಹಿಡಿದ. "ಇವತ್ತಿನದು ನಿಮಗೆ."

"ನನಗ್ಯಾಕೆ..."

"ನಿಮ್ಮ ಬೆನ್ನು ಯಾವತ್ತೂ ಹೀಗೇ ನೆಟ್ಟಗಿರಬೇಕು. ಅದಕ್ಕೆ."

ನಾಸಿರಾ ಲೋಟ ತೆಗೆದುಕೊಂಡಳು. ಒಂದು ಇಡೀ ಲೋಟ, ತನಗೊಬ್ಬಳಿಗೇ. ಅವಳ ನೆನಪಿನಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಒಂದು ಗುಟುಕು ಕುಡಿದಳು. ಇನ್ನೊಂದು. ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಒಳಗೆ ಅಬ್ಬಾನ ನಗು ಕೇಳಿಸಿತು. ದೂರದಲ್ಲಿ ಬಸ್ಸಿನ ಹಾರನ್ ಕೂಗಿತು. ಬೆಟ್ಟದ ಮೇಲಿನ ಮಂಜು ಕರಗುತ್ತಿತ್ತು. ಲೋಟ ಮಾತ್ರ ಕೆಳಗಿಳಿಯಲಿಲ್ಲ.

"ಹಾಲು ಚೆನ್ನಾಗಿದೆಯಾ?"

ಲೋಟ ಇನ್ನೂ ಸ್ವಲ್ಪ ಮೇಲೆದ್ದಿತು.

ಮಕ್ಸೂದ್ ಬಗ್ಗಿ ನೋಡಿದ.

"ನಾಸಿರಾ... ನನಗೊಂದು ಗುಟುಕು ಉಳಿಸಿ."